ಹಿತ್ತಾಳೆ ಕಟ್ಟಿದ ಮೀಟರ್

ಹೋದ ವಾರ ಪರದೆ ಬಟ್ಟೆ ಕೊಳ್ಳಲು ಪಿಂಪ್ರಿಯ ಬಜಾರಿಗೆ ಹೋಗಿದ್ದೆ. ಹೊರಗೆ ಜುಲೈ ತಿಂಗಳ ಮಳೆ. ಒಳಗೆ ಹೊಸ ಬಟ್ಟೆಯ ಗಂಜಿ ವಾಸನೆ, ಅದರ ಮೇಲೆ ಗಿರಾಕಿಗಳ ಒದ್ದೆ ಕೊಡೆಗಳ ವಾಸನೆ. ಅಂಗಡಿಯವನು ಥಾನು ಬಿಚ್ಚಿ, ಕಬ್ಬಿಣದ ಮೀಟರ್ ಕಡ್ಡಿಯನ್ನು ಎತ್ತಿ ಮೇಜಿನ ಮೇಲೆ ರಪ್ಪನೆ ಬಡಿದು, "ತಾಯೀ, ಕಿತೀ ಮೀಟರ್?" ಎಂದ. ಎಷ್ಟು ಮೀಟರ್ ಬೇಕೆಂದು ಕೇಳಿದ್ದ, ಪಾಪ. ಅಷ್ಟರಲ್ಲಿ ನನ್ನ ಬಲಗೈ ನನ್ನನ್ನೊಂದು ಮಾತೂ ಕೇಳದೆ ಮುಂದೆ ಹೋಗಿ, ಅಂಗೈ ಮೇಲೆ ಮಾಡಿಕೊಂಡು ಅವನೆದುರು ನಿಂತುಬಿಟ್ಟಿತ್ತು. ನಾನೇನೋ ಬೇಡುತ್ತಿದ್ದೇನೆಂದು ತಿಳಿದ ಅವನು ಗಾಬರಿಯಿಂದ ಪಕ್ಕದವನ ಮುಖ ನೋಡಿದ.

ನಲವತ್ತು ದಾಟಿದ ಹೆಂಗಸು, ಮಕ್ಕಳಿಗೆ ಪಾಠ ಹೇಳುವವಳು, ಬಟ್ಟೆ ಅಂಗಡಿಯಲ್ಲಿ ಕೈ ಚಾಚಿ ನಿಂತಿದ್ದೆ! ಮೈಯೆಲ್ಲ ಉರಿದುಹೋಯಿತು. ಆ ಕಡ್ಡಿಯ ಮೇಲೆ, ನನ್ನ ಮೇಲೆ, ಗದಗಿನ ಶಾಲೆಯಲ್ಲಿ ನನ್ನ ಅಂಗೈಗೆ ಈ ವಿದ್ಯೆ ಕಲಿಸಿದವರೆಲ್ಲರ ಮೇಲೆ ಸಿಟ್ಟು ಬಂತು. ಕೈಯನ್ನು ಎಳೆದುಕೊಂಡು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಕೈಯನ್ನು ಹಾಗೆ ಕಂಕುಳಲ್ಲಿ ಬಚ್ಚಿಡುವುದನ್ನು ನಾನು ಕಲಿತದ್ದು ಶರಣಮ್ಮ ಎಂಬ ಹನ್ನೊಂದು ವರ್ಷದ ಹುಡುಗಿಯಿಂದ. ಕೊರೋನಾ ಮುಗಿದು ಶಾಲೆಗಳು ಪೂರ್ತಿ ತೆರೆದ ವರ್ಷದ ಮಳೆಗಾಲ ಅದು.

ಚಿಂಚವಾಡದ ಕಾರ್ಖಾನೆಗಳ ಹಿಂದೆ, ರೈಲು ಹಳಿಗೆ ಹತ್ತಿದಂತೆ ಒಂದು ಕಾರ್ಮಿಕರ ಕಾಲನಿ. ಅದರ ನಡುವೆ ನಮ್ಮ ಕನ್ನಡ ಶಾಲೆ. ಲೋಕಲ್ ಗಾಡಿ ಹೋಗುವಾಗ ಪಾಠ ನಿಲ್ಲಿಸಬೇಕು, ಗೋಡೆಗಳು ನಡುಗುತ್ತಿದ್ದವು. ನಾನು ಅಲ್ಲಿಗೆ ಹೊಸಬಳು. ಆ ಮಕ್ಕಳೋ, ಎರಡು ವರ್ಷ ಒಂದೇ ಕೋಣೆಯಲ್ಲಿ ಅಪ್ಪ, ಅವ್ವ, ಅಜ್ಜಿ, ಕೆಲಸ ಕಳೆದುಕೊಂಡ ಕಾಕಾ ಇವರೆಲ್ಲರ ಸಿಟ್ಟನ್ನು ಉಂಡು ಬೆಳೆದವರು. ಅಕ್ಷರ ಮರೆತಿದ್ದರು, ಮಗ್ಗಿ ಮರೆತಿದ್ದರು, ಹೊಡೆಯುವುದನ್ನು ಮಾತ್ರ ಚೆನ್ನಾಗಿ ಕಲಿತು ಬಂದಿದ್ದರು. ಬೆಂಚಿನ ನಡುವೆ ಸೀಮೆಸುಣ್ಣದಿಂದ ಗೆರೆ ಎಳೆದು, ಪಕ್ಕದವನ ಮೊಣಕೈ ಗೆರೆ ದಾಟಿದರೆ ಕೈವಾರದ ಮೊನೆಯಿಂದ ಚುಚ್ಚುತ್ತಿದ್ದರು. ಶಾಲೆ ತೆರೆದ ಮೊದಲ ವಾರವೇ ಒಬ್ಬನ ಹುಬ್ಬು ಹರಿದು ಹೊಲಿಗೆ ಹಾಕಿಸಬೇಕಾಯಿತು.

ಇವರನ್ನೆಲ್ಲ ಹದ್ದುಬಸ್ತಿನಲ್ಲಿಡಲು ಹೆಡ್ ಮಾಸ್ತರರಾದ ಗುರುನಾಥ ಮಾಸ್ತರರು ಇದ್ದರು. ಅವರ ಬಳಿ ಮೀಟರ್ ಇತ್ತು. ಒಂದು ಮೀಟರ್ ಉದ್ದದ ಸಾಗವಾನಿ ಪಟ್ಟಿ, ಎರಡೂ ತುದಿಗೆ ಹಿತ್ತಾಳೆಯ ಕಟ್ಟು. ಸೆಂಟಿಮೀಟರಿನ ಗೆರೆಗಳು ಸವೆದು ನಡುವೆ ಅಲ್ಲಲ್ಲಿ ಮಾಯವಾಗಿದ್ದವು. ಸವೆದದ್ದು ಅಳತೆಯಿಂದಲ್ಲ. ಐದನೇ ತರಗತಿಯ ಗಣಿತ ಅವರದೇ. ಅವರು ವರಾಂಡದಲ್ಲಿ ಅದನ್ನು ಕಂಬಗಳಿಗೆ ತಟ್ಟುತ್ತ ಬಂದರೆ "ಮೀಟರ್ ಬಂತು, ಮೀಟರ್ ಬಂತು" ಎಂದು ಪಿಸುಮಾತು ಓಡುತ್ತಿತ್ತು. ಹೊಡೆಯಬಾರದೆಂದು ಕಾಯದೆ ಇದೆ ಸರ್ ಎಂದು ಒಮ್ಮೆ ಹೇಳಿದೆ. ಮಾಸ್ತರರು ನಕ್ಕರು.

"ಕಾಯದೆ ಮಾಡಿದವರು ಇಲ್ಲಿ ಬಂದು ಒಂದು ಪಿರಿಯಡ್ ತಗೊಳ್ಳಲಿ ಅಕ್ಕೋರ. ಆಮ್ಯಾಲ ಮಾತಾಡೋಣಂತ. ಈ ಕಾಲನ್ಯಾಗ ಅರ್ಧಾ ಮಂದಿ ಅಪ್ಪಗೋಳು ನನ್ನ ಕೈಯಾಗ ಹಣ್ಣಾದವರೇ. ಇವತ್ತಿಗೂ ಹಾದ್ಯಾಗ ಕಂಡ್ರ ಕಾಲು ಮುಟ್ಟತಾರ, ಗೊತ್ತೇನು?"

ಕಾಲು ಮುಟ್ಟುತ್ತಿದ್ದದ್ದು ನಿಜ. ಗಣಿತ ಅವರಿಗೆ ನೀರು ಕುಡಿದಷ್ಟು ಸಲೀಸು ಎಂಬುದೂ ನಿಜ. ಉಪವಾಸ ಬಂದ ಮಕ್ಕಳನ್ನು ಮುಖ ನೋಡಿಯೇ ಗುರುತಿಸಿ ಬಾಳೆಹಣ್ಣು ಕೊಡುತ್ತಿದ್ದರು. ಬಾಳೆಹಣ್ಣು ಕೊಟ್ಟ ಕೈಯಿಂದಲೇ ಆಮೇಲೆ ಬಾರಿಸುತ್ತಿದ್ದರು. ಇದರಿಂದ ನನಗೆ ಅವರನ್ನು ದ್ವೇಷಿಸುವುದು ಸುಲಭವಾಗಲಿಲ್ಲ, ಆದರೂ ದ್ವೇಷಿಸಿದೆ.

ಶರಣಮ್ಮನನ್ನು ಅವಳಪ್ಪ ಹಣಮಂತ ಜೂನಿನಲ್ಲಿ ರಟ್ಟೆ ಹಿಡಿದು ಎಳೆದುಕೊಂಡೇ ಬಂದ. ಯಾದಗಿರಿ ಕಡೆಯವರು. ಅವನು ಸ್ಲ್ಯಾಬಿಗೆ ಹಲಗೆ ಹೊಡೆಯುವ ಸೆಂಟ್ರಿಂಗ್ ಕೆಲಸದವನು, ಹೆಂಡತಿ ಅದೇ ಸೈಟಿನಲ್ಲಿ ಬುಟ್ಟಿ ಹೊರುವವಳು. ಮೊದಲು ಖರಾಡಿಯ ಸೈಟಿನಲ್ಲಿದ್ದರಂತೆ. ಅಲ್ಲಿಯ ಶಾಲೆಯಲ್ಲಿ ಹುಡುಗಿ ಯಾರನ್ನೋ ಕಚ್ಚಿದ್ದಕ್ಕೆ ಹೊರಹಾಕಿದ್ದರು. ಹಣಮಂತ ಮಾಸ್ತರರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವನೂ ಚಿಕ್ಕವನಿದ್ದಾಗ ನಾಲ್ಕನೆಯ ಇಯತ್ತೆಯವರೆಗೆ ಇಲ್ಲೇ, ಇವರ ಕೈಯಲ್ಲೇ ಕಲಿತವನು. ಒಂದು ದಿನ ಅಂಗೈ ಬಾತುಕೊಂಡಾಗ ಕಾಂಪೌಂಡ್ ಹಾರಿ ಓಡಿದವನು ಮತ್ತೆ ಬಂದಿರಲಿಲ್ಲ.

"ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರ ಹೊಡೀರಿ ಸರ," ಎಂದ. "ನಾ ಕೇಳಲಾಕ ಬರಂಗಿಲ್ಲ. ಆದ್ರ ಇನ್ನೊಂದು ಸಲ ಇಕಿ ಮ್ಯಾಲ ಕಂಪ್ಲೇಂಟ್ ಬಂತಂದ್ರ ನಂದು ಮುಗೀತು. ಊರಾಗ ಅಕ್ಕನ ಮನ್ಯಾಗ ಬಿಟ್ಟು ಬರ್ತೀನಿ. ಅಕ್ಕನ ಮಗ ಅದಾನ, ಕಟ್ಟಿದ್ರ ತಲಿಬ್ಯಾನಿ ಹೋತು."

ಹನ್ನೊಂದು ವರ್ಷದ ಹುಡುಗಿ ಇದನ್ನು ಕೇಳುತ್ತ, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಿಟಕಿಯಾಚೆ ಹೋಗುತ್ತಿದ್ದ ರೈಲು ನೋಡುತ್ತಿದ್ದಳು. ಆ ಕ್ಷಣದಲ್ಲೇ ಅವಳು ನನ್ನವಳಾದಳು. ಏನು ಮಾಡಿಯಾದರೂ ಇವಳನ್ನು ಆ ಅಕ್ಕನ ಮನೆಗೆ ಹೋಗಗೊಡಬಾರದೆಂದು ಮನಸ್ಸಿನಲ್ಲೇ ಹಟ ಹಿಡಿದೆ. ಹಟ ಹಿಡಿಯುವುದರಲ್ಲಿ ನಾನು ಯಾರಿಗೂ ಕಡಿಮೆ ಇಲ್ಲ, ನನ್ನ ಗಂಡನನ್ನು ಬೇಕಾದರೆ ಕೇಳಿ.

ಜುಲೈನಲ್ಲಿ ಮಾಸ್ತರರಿಗೆ ಹರ್ನಿಯಾ ಆಪರೇಶನ್ ಆಯಿತು. ಮಗಳ ಮನೆಯಲ್ಲಿ ವಿಶ್ರಾಂತಿಗೆಂದು ಸಾಂಗಲಿಗೆ ಹೋದರು. ಐದನೆಯ ತರಗತಿಯ ಗಣಿತ ನನ್ನ ಪಾಲಿಗೆ ಬಂತು. ಪುಸ್ತಕ ತೆರೆದರೆ ಅಳತೆಯ ಪಾಠ: ಉದ್ದ, ವಿಸ್ತೀರ್ಣ, ಗಾತ್ರ, ತೂಕ. ಒಂದು ಮೀಟರ್ ಎಷ್ಟೆಂದು ತೋರಿಸಲು ಆಫೀಸಿನ ಮೊಳೆಗೆ ತೂಗುಹಾಕಿದ್ದ ಮಾಸ್ತರರ ಪಟ್ಟಿಯನ್ನು ತೆಗೆದುಕೊಂಡು ತರಗತಿಗೆ ಹೋದೆ.

ಬಾಗಿಲಲ್ಲಿ ಕಾಲಿಟ್ಟೆ, ಗದ್ದಲ ನಿಂತಿತು. ಯಾರೂ ಏನೂ ಹೇಳಿರಲಿಲ್ಲ. ಇಡೀ ತರಗತಿ ಎದ್ದು ನಿಂತು, ಸಾಲಾಗಿ, ಬಲಗೈ ಮುಂದೆ ಚಾಚಿತು. ಅಂಗೈಗಳೆಲ್ಲ ಮೇಲೆ. ಕೆಲವರು ಆಗಲೇ ಕಣ್ಣು ಮುಚ್ಚಿಕೊಂಡಿದ್ದರು. ಹೊರಗೆ ಮಳೆ ಸುರಿಯುತ್ತಿತ್ತು, ಒಳಗೆ ಆ ಅಂಗೈಗಳು. ಕೊನೆಯ ಬೆಂಚಿನಲ್ಲಿ ಶರಣಮ್ಮ, ಎಲ್ಲರ ಬಾಯಲ್ಲಿ ಶರಣಿ, ಒಬ್ಬಳೇ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು.

"ಕೈ ಇಳಸ್ರೋ," ಎಂದೆ. "ಹೊಡಿಲಿಕ್ಕೆ ತಂದಿಲ್ಲ. ಅಳಿಲಿಕ್ಕೆ ತಂದೀನಿ."

ಯಾರೂ ಇಳಿಸಲಿಲ್ಲ. ನಂಬಿದರೆ ತಾನೇ? ಒಂದೊಂದೇ ಕೈಯನ್ನು ನಾನೇ ಹಿಡಿದು ಇಳಿಸಬೇಕಾಯಿತು. ಆಮೇಲೆ ಕೇಳಿದೆ, "ಒಂದು ಮೀಟರ್ ಅಂದ್ರ ಎಷ್ಟು? ಯಾರು ತೋರಸ್ತೀರಿ?"

ಮಲ್ಲು ಎಂಬ ಹುಡುಗ ಎದ್ದ. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡವನು ಅವನೇ. ಬೆನ್ನು ತಿರುಗಿಸಿ ನಿಂತು, ಒಂದು ಕೈಯಿಂದ ಕುತ್ತಿಗೆಯ ಬುಡ ಮುಟ್ಟಿ, ಬಗ್ಗಿ ಇನ್ನೊಂದು ಕೈಯಿಂದ ಮೀನಖಂಡ ಮುಟ್ಟಿ, "ಇಲ್ಲಿಂದ ಇಲ್ಲಿತನಕ ರೀ," ಎಂದ. ಪಟ್ಟಿ ಹಿಡಿದು ನೋಡಿದೆ. ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಅವತ್ತು ಪಟ್ಟಿಯನ್ನು ಬೆಂಚಿನಿಂದ ಬೆಂಚಿಗೆ ಕಳಿಸಿದೆ. ಹಾವು ಮುಟ್ಟಿದಂತೆ ಮುಟ್ಟಿ ಮುಂದೆ ದಾಟಿಸಿದರು. ಶರಣಿ ಮಾತ್ರ ಕೈಗಳನ್ನು ಹೊರತೆಗೆದು ಅದನ್ನು ಇಸಿದುಕೊಂಡಳು, ಮೂಸಿದಳು. "ಸರ್‌ಗೋಳ ನಶ್ಯದ ವಾಸನಿ ಹೊಡಿತದ," ಎಂದು ಹಿಡಿಕೆಯ ತುದಿಯನ್ನು ಲಂಗದಿಂದ ಒರೆಸಿದಳು. ಆಮೇಲೆ ಬೆಂಚು ಅಳೆದಳು, ಬಾಗಿಲು ಅಳೆದಳು, ಕಿಟಕಿಯ ಸರಳು ಅಳೆದಳು, ಮಲ್ಲುವಿನ ಮೂಗು ಅಳೆಯಲು ಹೋಗಿ ಒದೆಸಿಕೊಂಡಳು, ತಿರುಗಿ ಒದ್ದಳು. ವಾರದೊಳಗೆ ಪಟ್ಟಿಯನ್ನು ಮೊಳೆಯಿಂದ ತರುವುದು, ಮರಳಿ ತೂಗುಹಾಕುವುದು ಅವಳ ಹಕ್ಕಾಗಿಬಿಟ್ಟಿತು. ಹಕ್ಕು ಎಂದರೆ, ಬೇರೆ ಯಾರಾದರೂ ಕೈ ಹಾಕಿದರೆ ಕಚ್ಚುತ್ತಿದ್ದಳು.

ಮನೆಯಲ್ಲಿರುವ ಮೂರು ವಸ್ತುಗಳನ್ನು ಸಣ್ಣ ಸ್ಕೇಲಿನಿಂದ ಅಳೆದು ಬನ್ನಿ ಎಂದು ಹೇಳಿ ಕಳಿಸಿದೆ. ಮರುದಿನ ಒಬ್ಬೊಬ್ಬರೇ ಎದ್ದು ಹೇಳಿದರು. ಲಟ್ಟಣಿಗೆ, ಮೊಬೈಲು, ಟಿವಿಯ ಅಗಲ. ಶರಣಿಯ ಸರದಿ ಬಂತು.

"ಅಪ್ಪನ ಬೆಲ್ಟ್, ಒಂದು ಮೀಟರ್ ನಾಕು ಸೆಂಟಿಮೀಟರ್. ಅವ್ವನ ಬೆನ್ನ ಮ್ಯಾಲಿನ ಬಾಸುಂಡಿ, ಹತ್ತೊಂಬತ್ತು ಸೆಂಟಿಮೀಟರ್. ನಂದು ತೊಡಿ ಮ್ಯಾಲಿಂದು, ಹನ್ನೆರಡು." ಸ್ವಲ್ಪ ತಡೆದು, "ನಂದು ಹಳೇದು ರೀ, ಅಳಸಿಹೋಗೇದ. ಅಂದಾಜು," ಎಂದಳು.

ಯಾರೂ ನಗಲಿಲ್ಲ, ಯಾರಿಗೂ ಆಶ್ಚರ್ಯವೂ ಆಗಲಿಲ್ಲ. ಆಶ್ಚರ್ಯವಾದದ್ದು ನನಗೊಬ್ಬಳಿಗೆ. ಮರುಕ್ಷಣವೇ ಒಬ್ಬ ಅಂಗಿ ಎತ್ತಿದ, ಇನ್ನೊಬ್ಬಳು ಜಡೆ ಸರಿಸಿ ಕಿವಿಯ ಹಿಂದೆ ತೋರಿಸಿದಳು. ನಂದು ದೊಡ್ಡದು, ನಂದು ದೊಡ್ಡದು ಎಂದು ಪೈಪೋಟಿ ಬಿದ್ದು, ಸ್ಕೇಲು ಹಿಡಿದು ಗಾಯ ಅಳೆಯತೊಡಗಿದರು. ತಡೆಯಬೇಕಿತ್ತೋ ಏನೋ. ತಡೆಯಲಿಲ್ಲ. ಸೊನ್ನೆಯಿಂದ ಹಿಡಿದು ಅಳೆಯಬೇಕು, ಅಂಚಿನಿಂದಲ್ಲ ಎಂಬುದನ್ನು ಆ ಮಕ್ಕಳು ಕಲಿತದ್ದು ಅವತ್ತೇ. ಸಂಜೆ ಮನೆಗೆ ಬಂದು, ಆ ಹಣಮಂತನಿಗೆ ಅವನ ಬೆಲ್ಟಿನಿಂದಲೇ ಬಾರಿಸಿ ಬರುತ್ತೇನೆಂದು ಹೊರಟಿದ್ದೆ. ಗಂಡ ಬಾಗಿಲಿಗೆ ಅಡ್ಡ ನಿಂತು, "ನೀ ಹೋಗಿ ಬೈದು ಬಂದ್ರ ಆ ಸಿಟ್ಟು ಯಾರ ಮ್ಯಾಲ ಇಳಿತದ, ವಿಚಾರ ಮಾಡು," ಎಂದರು. ವಿಚಾರ ಮಾಡಿದೆ. ಹೋಗಲಿಲ್ಲ. ಅವತ್ತು ಚಪಾತಿ ಹಿಟ್ಟನ್ನು ಎಷ್ಟು ಗುದ್ದಿ ನಾದಿದೆನೆಂದರೆ ಮಣೆಯೇ ಸೀಳಿತು.

ವಿಸ್ತೀರ್ಣದ ಪಾಠಕ್ಕೆ ಬೆಂಚುಗಳನ್ನೇ ಅಳೆಸಿ ಸರಿಯಾಗಿ ಭಾಗ ಮಾಡಿಸಿದೆ. ಇನ್ನು ಜಗಳ ನಿಲ್ಲುತ್ತದೆಂದುಕೊಂಡರೆ ಎಲ್ಲಿ ನಿಂತೀತು? ಮೊದಲು ಗೆರೆ ದಾಟಿದ್ದಕ್ಕೆ ಚುಚ್ಚುತ್ತಿದ್ದವರು ಈಗ "ನಂದು ಆರು ಚೌರಸ ಸೆಂಟಿಮೀಟರ್ ತಿಂದಾನ್ರಿ" ಎಂದು ಲೆಕ್ಕ ಹೇಳಿ ಚುಚ್ಚತೊಡಗಿದರು.

ಲೀಟರಿನ ಪಾಠದ ದಿನ ನೀರೇ ಜಗಳ ತಂದಿತು. ಮಳೆಗಾಲದಲ್ಲಿ ನಳದ ನೀರು ಕೆಸರಾಗಿ ಕಾಲನಿಗೆ ಟ್ಯಾಂಕರ್ ಬರುತ್ತಿತ್ತು. ನಾನು ಬಕೆಟಿನಿಂದ ಲೀಟರ್ ಮಗ್ಗಿಗೆ ನೀರು ಸುರಿದು ತೋರಿಸುತ್ತಿದ್ದಾಗ ಹೊರಗೆ ಚೀರಾಟ ಎದ್ದಿತು. ಮಕ್ಕಳೆಲ್ಲ ಕಿಟಕಿಗೆ ಜೋತುಬಿದ್ದರು. ಟ್ಯಾಂಕರಿನ ಪೈಪಿಗಾಗಿ ಹೆಂಗಸರು ಪ್ಲಾಸ್ಟಿಕ್ ಕೊಡಗಳಿಂದ ಹೊಡೆದಾಡುತ್ತಿದ್ದರು. ಒಬ್ಬಳು ಶರಣಿಯ ಅವ್ವನ ತುರುಬು ಹಿಡಿದು ಕೆಸರಿನಲ್ಲಿ ಎಳೆಯುತ್ತಿದ್ದಳು. ಸುತ್ತಲಿದ್ದವರು ಆ ಕೈ ಬಿಡಿಸಲು ಎಷ್ಟು ಎಳೆದರೂ ಬಿಡಲಿಲ್ಲ. ನಾನು ಮಗ್ಗು ಕೆಳಗಿಡುವಷ್ಟರಲ್ಲಿ ಶರಣಿ ಗೇಟು ದಾಟಿ ಓಡಿ, ಗುಂಪಿನ ಕಾಲುಗಳ ನಡುವೆ ನುಸುಳಿ, ಕೂದಲು ಹಿಡಿದಿದ್ದ ಆ ಮುಂಗೈಗೆ ಬಾಯಿ ಹಾಕಿದಳು. ಕೈ ಬಿಟ್ಟಿತು.

ಕಚ್ಚಿಸಿಕೊಂಡವಳು ಸುಮ್ಮನಿರುತ್ತಾಳೆಯೇ? ರಕ್ತ ಸೋರುವ ಕೈ ಎತ್ತಿಕೊಂಡು ಶಾಲೆಗೆ ನುಗ್ಗಿ ನನ್ನನ್ನು ಕನ್ನಡ, ಮರಾಠಿ ಎರಡರಲ್ಲೂ ಬೈದಳು. ನಾನು ಅವಳ ಗಾಯ ತೊಳೆದು, ಅರಿಷಿಣ ಹಚ್ಚಿ, ಚಹಾ ಕುಡಿಸಿ, ಹಣಮಂತನ ಕಿವಿಗೆ ಹಾಕಬೇಡವೆಂದು ಗೋಗರೆದೆ. ಹೂಂ ಎಂದಳು. ಮಾಸ್ತರರು ಬಂದ ದಿನವೇ ಅವರ ಕಿವಿಗೆ ಹಾಕಿದಳು.

ಅವರು ಬಂದದ್ದು ಆಗಸ್ಟಿನ ಕೊನೆಗೆ. ನಾನು ತೂಕದ ಪಾಠ ಹೇಳುತ್ತಿದ್ದೆ. ಮೇಜಿನ ಮೇಲೆ ಕಿರಾಣಿ ಅಂಗಡಿಯಿಂದ ಕಡ ತಂದ ತಕ್ಕಡಿ, ಕಾಲು ಕಿಲೋ, ಅರ್ಧ ಕಿಲೋ, ಒಂದು ಕಿಲೋದ ಕಬ್ಬಿಣದ ಕಲ್ಲುಗಳು. ವರಾಂಡದ ಕಂಬಗಳಿಗೆ ತಟ್ಟುವ ಸದ್ದಿಲ್ಲದೆ ಮಾಸ್ತರರು ಬಾಗಿಲಲ್ಲಿ ನಿಂತಿದ್ದರು. ಸದ್ದು ಹೇಗೆ ಬರಬೇಕು, ಪಟ್ಟಿ ಶರಣಿಯ ಕೈಯಲ್ಲಿತ್ತು. ಅದರಿಂದ ಅವಳು ಕರಿಹಲಗೆಯ ಮೇಲೆ ಗೆರೆ ಎಳೆಯುತ್ತಿದ್ದಳು. ಮಾಸ್ತರರು ಸೊರಗಿದ್ದರು, ಬಟ್ಟೆ ಜೋತುಬಿದ್ದಿತ್ತು. ನಡೆದು ಬಂದು ಪಟ್ಟಿಯನ್ನು ಇಸಿದುಕೊಂಡರು.

"ಕಡಿಯೋ ನಾಯಿ ನೀನೇ ಏನು? ಕೈ ಚಾಚು."

ಶರಣಿಯ ಕೈಗಳು ಕಂಕುಳ ಸೇರಿದವು. "ಚಾಚಂಗಿಲ್ಲ ರೀ."

ಅವರು ತೊಡೆಗೆ ಒಂದು ಬಿಟ್ಟರು. ಇನ್ನೊಂದು ಬಿಟ್ಟರು. ನಾನು ನಡುವೆ ಹೋಗಿ ನಿಂತೆ. ಅವರು ನನ್ನನ್ನು ಸುತ್ತಿ ಬಂದು ಮೂರನೆಯದನ್ನು ಬೆನ್ನಿಗೆ ಹಾಕಿದರು. ಅವಳು ಅಲುಗಲಿಲ್ಲ, ಅಳಲಿಲ್ಲ, ಕೈ ಚಾಚಲಿಲ್ಲ. ಕಾಲಿಗೆ, ಬೆನ್ನಿಗೆ ಎಷ್ಟು ಹೊಡೆದರೂ ಅದು ಅವರಿಗೆ ಗೆದ್ದಂತಲ್ಲ. ತಾನೇ ಮುಂದೆ ಬಂದ ಅಂಗೈ ಅವರಿಗೆ ಬೇಕಾಗಿತ್ತು. ಉಸಿರು ಹತ್ತಿ, ಆಪರೇಶನ್ ಆದ ಜಾಗ ಒತ್ತಿ ಹಿಡಿದುಕೊಂಡು, ಮಲ್ಲುವನ್ನು ಕಳಿಸಿ ಹಣಮಂತನನ್ನು ಕರೆಸಿದರು. ಸೈಟು ಹಿಂದಿನ ಬೀದಿಯಲ್ಲೇ ಇತ್ತು.

ಹಣಮಂತ ಸಿಮೆಂಟು ಮೆತ್ತಿದ ಕಾಲಲ್ಲೇ ಬಂದ. ಸೊಂಟದಲ್ಲಿ ಅಳತೆ ಟೇಪು, ಸುತ್ತಿಗೆ, ಆ ಬೆಲ್ಟು.

"ನಿನ್ನ ಮಗಳು ಎಲ್ಲರ ಮುಂದ ಕೈ ಚಾಚಿ ಮೂರು ಏಟು ತಿನ್ನಬೇಕು. ಇಲ್ಲಂದ್ರ ಈಗಿಂದೀಗ ಟಿಸಿ," ಎಂದರು ಮಾಸ್ತರರು.

"ಚಾಚು," ಎಂದ ಹಣಮಂತ.

"ಇಲ್ಲ."

ಅಪ್ಪ ಹೊಡೆದ ಹೊಡೆತಕ್ಕೆ ಅವಳ ತಲೆ ಹಲಗೆಗೆ ಬಡಿಯಿತು. ತುಟಿ ಒಡೆದು ರಕ್ತ ಬಂತು. ಅವನು ಅವಳ ರಟ್ಟೆ ಹಿಡಿದು, ಕಂಕುಳಿನಿಂದ ಕೈಯನ್ನು ಕಿತ್ತು ತೆಗೆಯಲು ನೋಡಿದ. ಕೆಲಸಗಾರನ ಕೈ, ಸ್ಲ್ಯಾಬಿನ ಹಲಗೆ ಎತ್ತುವ ಕೈ, ಆದರೂ ಆಗಲಿಲ್ಲ. ನಾನು ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದೆ. ಕೊಡವಿದ. ನಾನು ಮೇಜಿಗೆ ಹೋಗಿ ಬಡಿದೆ.

"ಬ್ಯಾಡ ಬಿಡು ಹಣಮ್ಯಾ," ಎಂದರು ಮಾಸ್ತರರು. ದನಿ ತಣ್ಣಗಿತ್ತು, ಸ್ವಲ್ಪ ನಗುವೂ ಇತ್ತು. "ಅಕಿಗೆ ಯಾರೂ ಕಲಿಸಿಲ್ಲ. ನೀ ತೋರಸು. ಕೈ ಚಾಚು."

ಹಣಮಂತನ ಬಲಗೈ ಮೇಲೆದ್ದಿತು. ಮಗಳ ಮೇಲೆ ಎತ್ತಿದ್ದ ಕೈಯೇ. ಮುಷ್ಟಿ ಬಿಚ್ಚಿತು, ಅಂಗೈ ಮೇಲಾಯಿತು, ಹೆಬ್ಬೆರಳು ಏಟು ತಾಗದಂತೆ ಪಕ್ಕಕ್ಕೆ ಸರಿಯಿತು. ಮೂವತ್ತು ದಾಟಿದ ಗಂಡಸು. ಅವನ ಮುಖದಲ್ಲಿ ಸಿಟ್ಟಿಲ್ಲ, ನಾಚಿಕೆಯಿಲ್ಲ, ಏನೂ ಇರಲಿಲ್ಲ. ಮಾಸ್ತರರು ತಮಾಷೆಗೆಂದು ಹೇಳಿದ್ದರೋ ಏನೋ, ಆದರೆ ಚಾಚಿದ ಅಂಗೈ ಕಂಡ ಮೇಲೆ ಅವರ ಕೈಯೂ ಅವರ ಮಾತು ಕೇಳಲಿಲ್ಲ. ಪಟ್ಟಿ ಮೇಲೆ ಹೋಗಿ ಕೆಳಗೆ ಬಂತು. ಆ ಸದ್ದು ನನಗೆ ಈಗಲೂ ಕೇಳುತ್ತದೆ.

ನನ್ನ ಕೈಗೆ ಸಿಕ್ಕದ್ದು ಒಂದು ಕಿಲೋದ ಕಲ್ಲು. ಬೀಸಿ ಎಸೆದೆ. ಹೆದರಿಸಲು ಎಸೆದದ್ದಲ್ಲ, ತಲೆಗೇ ಗುರಿ ಇಟ್ಟು ಎಸೆದದ್ದು. ಅದು ಮಾಸ್ತರರ ಕಿವಿಯ ಪಕ್ಕದಲ್ಲಿ ಹಾದು ಹಲಗೆಯನ್ನು ತೂತು ಮಾಡಿ ಕೆಳಗೆ ಬಿತ್ತು. ತಪ್ಪಿದ್ದಕ್ಕೆ ನನಗೆ ಒಂದಿಷ್ಟು ಬೇಸರ ಇವತ್ತಿಗೂ ಇದೆ. ಮಾಸ್ತರರು ತಿರುಗಿಯೂ ನೋಡದೆ, "ನಿಮ್ಮ ಸರದಿ ಆಮ್ಯಾಲ ಅಕ್ಕೋರ," ಎಂದು ಪಟ್ಟಿಯನ್ನು ಎರಡನೆಯ ಸಲ ಎತ್ತಿದರು.

"ಅಪ್ಪಾ!" ಎಂದಳು ಶರಣಿ. "ಅಪ್ಪಾ, ಕೈ ತಗೀ!"

ಹಣಮಂತನಿಗೆ ಕೇಳಲಿಲ್ಲ. ಕೈ ಅಲ್ಲೇ ಇತ್ತು.

ಅವಳು ಹಾರಿ ಅವನ ಮುಂಗೈಗೆ ಬಾಯಿ ಹಾಕಿದಳು. ಹಲ್ಲು ಊರಿ, ತಲೆ ಕೊಡವಿ ಕಚ್ಚಿದಳು. ಹಣಮಂತ ಗೂಳಿಯಂತೆ ಕೂಗಿ ಕೈ ಎಳೆದುಕೊಂಡ, ಅವಳು ಕೈಯ ಜೊತೆಗೇ ಹೋದಳು. ಆ ಕೈ ಇದ್ದ ಜಾಗದ ಮೇಲೆ ಪಟ್ಟಿ ಜೋರಾಗಿ ಬಂದು, ಏನೂ ಸಿಗದೆ, ಕಡಪಾ ಕಲ್ಲಿನ ಕಿಟಕಿ ಅಂಚಿಗೆ ಬಡಿದು ಎರಡು ತುಂಡಾಯಿತು. ಮುಂದಿನ ತುಂಡು ಬೆಂಚುಗಳ ಕೆಳಗೆ ಉರುಳಿ ಹೋಯಿತು.

ಇನ್ನು ಇವಳನ್ನು ಕೊಂದೇ ಹಾಕುತ್ತಾನೆ ಎಂದುಕೊಂಡೆ. ಅರ್ಧ ಕಿಲೋದ ಕಲ್ಲಿಗೆ ಕೈ ಹಾಕಿದೆ. ಹಣಮಂತ ನಿದ್ದೆಯಿಂದ ಎದ್ದವನಂತೆ ಮೊದಲು ತನ್ನ ಮುಂಗೈ ನೋಡಿಕೊಂಡ, ಆಮೇಲೆ ಅಂಗೈ ನೋಡಿಕೊಂಡ. ಅಂಗೈಯಲ್ಲಿ ಪಟ್ಟಿಯ ಗುರುತು ಕೆಂಪಗೆ ಎದ್ದಿತ್ತು. ಅದು ಅಲ್ಲಿಗೆ ಹೇಗೆ ಬಂತೆಂದು ಅವನಿಗೇ ತಿಳಿದಂತಿರಲಿಲ್ಲ.

"ಯಾಕ ಕಡದಿ?" ಎಂದ.

"ಕರದೆ. ನಿನಗ ಕೇಳಲೇ ಇಲ್ಲ," ಎಂದಳು ಶರಣಿ. ಬಾಯಿಯಲ್ಲಿ ಅವನ ರಕ್ತವೂ ಇತ್ತು, ಅವಳದೂ ಇತ್ತು.

ಹಣಮಂತ ಅಲ್ಲೇ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ. ರೈಲು ಹೋಯಿತು, ಗೋಡೆ ನಡುಗಿತು. ಆಮೇಲೆ ಹಿಂದಿನ ಬೆಂಚಿನಿಂದ ಮಲ್ಲು, ಅಭ್ಯಾಸಬಲದಿಂದ ಇರಬೇಕು, "ಅಳೀಯೇ ಶರಣಿ!" ಎಂದು ಕೂಗಿದ. ಶರಣಿ ನನ್ನ ಕಡೆ ನೋಡಿದಳು. ನಾನು ಬೇಡವೆನ್ನಲಿಲ್ಲ. ಅವಳು ಸಣ್ಣ ಸ್ಕೇಲು ತಂದು ಅಪ್ಪನೆದುರು ಕುಳಿತು, ಹಲ್ಲಿನ ಗುರುತಿನ ಈ ತುದಿಗೆ ಸೊನ್ನೆ ಹಿಡಿದು ಆ ತುದಿ ಓದಿದಳು.

"ಮೂರೂವರಿ ಸೆಂಟಿಮೀಟರ್."

ಅವನು ಕೈ ಕೊಟ್ಟುಕೊಂಡು ಕುಳಿತಿದ್ದ. ಆಮೇಲೆ ಎದ್ದು, ಮಾಸ್ತರರ ಮುಖ ನೋಡದೆ, ಗೋಡೆಗೆ ಹೇಳುವಂತೆ ಹೇಳಿದ. "ಟಿಸಿ ಬ್ಯಾಡ್ರಿ ಸರ. ಅಕಿ ಇಲ್ಲೇ ಕಲಿತಾಳ. ಕೈ ಮಾತ್ರ ಚಾಚಂಗಿಲ್ಲ." ಹೋಗುವಾಗ ಅವನು ಕಾಲು ಮುಟ್ಟಲಿಲ್ಲ.

ಮಾಸ್ತರರು ಬೆಂಚಿನ ಕೆಳಗೆ ಬಗ್ಗಿ, ಹೊಟ್ಟೆ ಹಿಡಿದುಕೊಂಡು, ಆ ತುಂಡನ್ನು ಹುಡುಕಿದರು. ಎರಡನ್ನೂ ಜೋಡಿಸಿ ನೋಡಿದರು. ಮಕ್ಕಳು ನೋಡುತ್ತಿರುವುದು ತಿಳಿದು, ಅವುಗಳನ್ನು ಮೇಜಿನ ಮೇಲಿಟ್ಟು ಹೊರಗೆ ಹೋದರು. ಆ ಕ್ಷಣದಲ್ಲಿ ನನಗೆ ಅವರ ಮೇಲೆ ಕರುಣೆ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಮರುದಿನ ತುಂಡುಗಳನ್ನು ಮಕ್ಕಳಿಂದ ಅಳೆಸಿದೆ. ಎರಡನ್ನೂ ಕೂಡಿಸಿದರೂ ನೂರು ಬರಲಿಲ್ಲ. ಉಳಿದದ್ದಕ್ಕಾಗಿ ಇಡೀ ತರಗತಿ ನೆಲದ ಮೇಲೆ ತೆವಳಿ ಸಿಬಿರುಗಳನ್ನು ಆರಿಸಿತು.

ಶಾಲಾ ಕಮಿಟಿಯವರು ಮಾಸ್ತರರನ್ನೂ ನನ್ನನ್ನೂ ಕರೆಸಿ, ಶಾಲೆಯ ಮರ್ಯಾದೆ ಹೊರಗೆ ಹೋಗಬಾರದೆಂದು ಬಾಯಿ ಮುಚ್ಚಿಸಿದರು. ಮಾಸ್ತರರೇನೂ ಸಾಧುವಾಗಲಿಲ್ಲ. ನಿವೃತ್ತಿಯಾಗುವವರೆಗೂ ಕೈಯಿಂದ ಹೊಡೆದರು, ಡಸ್ಟರಿನಿಂದ ಹೊಡೆದರು. ಆದರೆ ಐದನೆಯ ತರಗತಿಯಲ್ಲಿ ಅವರು "ಕೈ ಚಾಚು" ಎಂದಾಗ ಒಂದೊಂದೇ ಕೈ ಕಂಕುಳ ಸೇರತೊಡಗಿತು. ಮೊದಲು ಮಲ್ಲು, ಆಮೇಲೆ ಅವನ ಬೆಂಚಿನವರು. ಒಬ್ಬೊಬ್ಬರನ್ನೂ ಬೆನ್ನಟ್ಟಿ ಹೊಡೆಯುವಷ್ಟು ಕಸುವು ಮಾಸ್ತರರ ಕಾಲಲ್ಲಿ ಉಳಿದಿರಲಿಲ್ಲ.

ಮಾರ್ಚಿನಲ್ಲಿ ಪರೀಕ್ಷೆ ಮುಗಿದ ಮೇಲೆ ಪಾಲಕರ ಸಭೆ. ಹಣಮಂತ ಇಸ್ತ್ರಿ ಅಂಗಿ ಹಾಕಿಕೊಂಡು ಮಗಳ ಜೊತೆ ಬಂದ. ಶರಣಿ ಆರನೆಯ ತರಗತಿಗೆ ಪಾಸಾಗಿದ್ದಳು, ಗಣಿತದಲ್ಲಿ ಎಲ್ಲರಿಗಿಂತ ಮುಂದೆ. ಅವನು ಸಂಕೋಚದಿಂದ ತೋಳು ಮೇಲೇರಿಸಿ ಬಲ ಮುಂಗೈ ತೋರಿಸಿದ. ಹಲ್ಲಿನ ಗುರುತು ಬಿಳಿಯ ಕಲೆಯಾಗಿ ಉಳಿದಿತ್ತು.

"ಹಂಗೇ ಅದ ನೋಡ್ರಿ ಅಕ್ಕೋರ. ಬೆಲ್ಟ್ ಎತ್ತಿದ್ರ ಮೊದಲ ಇದೇ ಕಾಣ್ತದ."

"ಅಂದ್ರ, ಹೊಡಿಯೋದು ಬಿಟ್ಟೀರೇನು?" ಎಂದು ಕೇಳಿದೆ.

ಹಣಮಂತ ನೆಲ ನೋಡಿದ. ಉತ್ತರ ಕೊಟ್ಟವಳು ಶರಣಿ. ಮೂರು ವಸ್ತುಗಳ ಅಳತೆ ಹೇಳಿದ್ದಳಲ್ಲ, ಅದೇ ದನಿಯಲ್ಲಿ ಹೇಳಿದಳು.

"ಇಲ್ರಿ. ಈಗ ಎಡಗೈಲೆ ಹೊಡಿತಾನ."

ನಾನು ಅವಳ ಮುಖ ನೋಡಿದೆ. ಅವಳು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಪ್ಪನನ್ನೇ ನೋಡುತ್ತಿದ್ದಳು.

"ಎಡಗೈಗೂ ನನ್ನ ಹಲ್ಲು ಸಾಲ್ತಾವ," ಎಂದಳು.

ಹಣಮಂತ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡ.